ಎಎಫ್‌ಪಿ ನಾರ್ಮಲ್ ಅಂದ್ರೆ ಕ್ಯಾನ್ಸರ್ ಇಲ್ಲ ಅಂತಲ್ಲ

ಹಿಂದವಾಡಿಯ ನಮ್ಮ ಓಣಿಯ ಕಾಕಾ ಒಬ್ಬರ ಸ್ಕ್ಯಾನ್‌ನಲ್ಲಿ ಲಿವರ್ ಗಡ್ಡೆ ಕಂಡಿತ್ತು. ರಕ್ತದ ಎಎಫ್‌ಪಿ 4 ಬಂದಾಗ 'ನಾರ್ಮಲ್ ಐತಿ, ಕ್ಯಾನ್ಸರ್ ಅಲ್ಲ' ಅಂತ ಮನೆಯವರು ಕುಂದಾ ಹಂಚಿದರು. ನಾನೂ ತಿಂದೆ. ತಿಂಗಳಾದ ಮೇಲೆ ಬಯಾಪ್ಸಿ ಹೇಳಿದ್ದು: ಪಿತ್ತನಾಳದ ಕ್ಯಾನ್ಸರ್.

ಲಿವರ್ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಲಿವರ್‌ನ ಸ್ವಂತ ಕೋಶಗಳಲ್ಲಿ ಹುಟ್ಟುವುದು ಹೆಪಟೋಸೆಲ್ಯುಲರ್ ಕಾರ್ಸಿನೋಮಾ. ಎಎಫ್‌ಪಿ ಏರುವುದು ಹೆಚ್ಚಾಗಿ ಇದರಲ್ಲೇ. ಭ್ರೂಣದ ಲಿವರ್ ತಯಾರಿಸುತ್ತಿದ್ದ ಈ ಪ್ರೋಟೀನನ್ನು ಕ್ಯಾನ್ಸರ್ ಕೋಶ ಮತ್ತೆ ತಯಾರಿಸತೊಡಗುತ್ತದೆ. ಲಿವರ್ ಒಳಗಿನ ಪಿತ್ತನಾಳದಲ್ಲಿ ಹುಟ್ಟುವುದು ಕೊಲಾಂಜಿಯೋಕಾರ್ಸಿನೋಮಾ. ಅಲ್ಲಿ ಸಾಮಾನ್ಯವಾಗಿ ಏರುವುದು ಸಿಎ 19-9. ದೊಡ್ಡ ಕರುಳಿನಿಂದ ಹರಡಿ ಬಂದದ್ದಾದರೆ ಸಿಇಎ. ಈ ಬೇರ್ಪಡಿಸುವಿಕೆ ಕಾಗದದ ಕಸರತ್ತಲ್ಲ. ಮೊದಲನೆಯದರಲ್ಲಿ ಗಡ್ಡೆ ಸಣ್ಣದಿದ್ದರೆ ಲಿವರ್ ಕಸಿಯ ದಾರಿಯೂ ಇದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಇಲ್ಲ, ಕೀಮೋ ಔಷಧಿಗಳೂ ಬೇರೆ.

ಎಂಜಿನಿಯರಿಂಗ್ ಓದಿದ ನಾನು ಒಂದೇ ಸೆನ್ಸರ್‌ನ ರೀಡಿಂಗ್ ನಂಬಬಾರದಿತ್ತು. ಹೆಪಟೋಸೆಲ್ಯುಲರ್ ಕ್ಯಾನ್ಸರ್ ಇದ್ದವರಲ್ಲೂ ಸುಮಾರು ಮೂರನೇ ಒಂದರಷ್ಟು ಜನರಿಗೆ ಎಎಫ್‌ಪಿ ಏರುವುದೇ ಇಲ್ಲ. ಅದಕ್ಕೇ ಕೆಲವೆಡೆ ಪಿವ್ಕಾ-2 ಎಂಬ ಇನ್ನೊಂದು ಪ್ರೋಟೀನನ್ನೂ ಜೊತೆಗೆ ನೋಡುತ್ತಾರೆ. ಸಿಎ 19-9 ಇನ್ನೂ ತಂಟೆಕೋರ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಕಾಮಾಲೆಯಾದರೂ ಅದು ಏರುತ್ತದೆ. ಲೂಯಿಸ್ ರಕ್ತಗುಂಪು ನೆಗೆಟಿವ್ ಇರುವ, ನೂರಕ್ಕೆ 5ರಿಂದ 10 ಜನರಲ್ಲಿ ಕ್ಯಾನ್ಸರ್ ಇದ್ದರೂ ಏರದು. ಹೀಗಾಗಿ ಮಾರ್ಕರ್ ಸುಳಿವು ಕೊಡುತ್ತದೆ, ಹೆಸರಿಡುವುದು ಸ್ಕ್ಯಾನ್ ಮತ್ತು ಬಯಾಪ್ಸಿ.

ಮೊನ್ನೆ ಖಾನಾಪುರದಿಂದ ಕಾಕಾನ ತಮ್ಮ ವಾಟ್ಸಾಪ್‌ನಲ್ಲಿ ತಮ್ಮ ರಿಪೋರ್ಟ್ ಕಳಿಸಿದ್ದರು. ಕಣ್ಣು ಹಳದಿ, ಸಿಎ 19-9 ಏರಿದೆ, ಮನೆತುಂಬ ಅಳು. ನಾನು ಕೇಳಿದ್ದು ಒಂದೇ: 'ಸ್ಕ್ಯಾನ್ ಆತೇನ್ರಿ?'