ಮಧುಗಿರಿ ಸೀಮೆಯ ಟವರ್ ಲೊಕೇಶನ್

ಮೊಬೈಲ್ ಜಾಲಕ್ಕೆ ತನ್ನ ಒಂದೊಂದು ಫೋನೂ ಸುಮಾರಾಗಿ ಎಲ್ಲಿದೆ ಎಂಬುದು ಗೊತ್ತಿರಲೇಬೇಕು. ಇಲ್ಲದಿದ್ದರೆ ಬಂದ ಕರೆಯನ್ನು ಯಾವ ಟವರಿಗೆ ಕಳಿಸಬೇಕೆಂದೇ ತಿಳಿಯದು. ಹಾಗೆಂದು ಜೇಬಿನಲ್ಲಿ ಸುಮ್ಮನಿರುವ ಫೋನು ಕ್ಷಣಕ್ಷಣಕ್ಕೂ ತಾನಿರುವ ಜಾಗವನ್ನು ವರದಿ ಮಾಡುತ್ತ ಕೂರುವುದಿಲ್ಲ. ಮಾಡಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಅದಕ್ಕಾಗಿ ಹಲವು ಟವರುಗಳನ್ನು ಸೇರಿಸಿ ಒಂದು ವಲಯ ಮಾಡಿರುತ್ತಾರೆ. ಕೊರಟಗೆರೆಯಿಂದ ಮಧುಗಿರಿಗೆ ಹೊರಟ ಪ್ರಯಾಣಿಕನ ಫೋನು ದಾರಿಯಲ್ಲಿ ಒಂದು ಟವರನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಆದರೆ ವಲಯ ದಾಟುವವರೆಗೆ, ಇಲ್ಲವೇ ಗೊತ್ತುಪಡಿಸಿದ ಅವಧಿ ಮುಗಿಯುವವರೆಗೆ, ಅದನ್ನು ಜಾಲಕ್ಕೆ ತಿಳಿಸುವುದಿಲ್ಲ. ಕರೆ ಬಂದಾಗ ವಲಯದ ಟವರುಗಳು ಆ ಫೋನನ್ನು ಕೂಗುತ್ತವೆ. ಅದು ಯಾವ ಟವರಿಗೆ ಓಗೊಟ್ಟಿತೋ, ಅಲ್ಲಿದೆ ಎಂದು ಆಗ ಗೊತ್ತಾಗುತ್ತದೆ. ಈಗಿನ ಫೋನುಗಳಲ್ಲಿ ಆ್ಯಪ್‌ಗಳು ಹಿನ್ನೆಲೆಯಲ್ಲಿ ಡೇಟಾ ಎಳೆಯುತ್ತಲೇ ಇರುವುದರಿಂದ ಈ ಮೌನ ಹೆಚ್ಚು ಹೊತ್ತು ಉಳಿಯುವುದಿಲ್ಲ, ಅಷ್ಟೆ.

ಟವರ್ ತಿಳಿದ ಮೇಲೆ ದಿಕ್ಕು ಮತ್ತು ದೂರ. ಸಾಮಾನ್ಯವಾಗಿ ಒಂದು ಟವರಿನ ಮೇಲೆ ಮೂರು ಕಡೆಗೆ ಮುಖ ಮಾಡಿದ ಆಂಟೆನಾಗಳಿದ್ದು, ಒಂದೊಂದರ ಪಾಲಿಗೆ 120 ಡಿಗ್ರಿ ಬರುತ್ತದೆ. ದಿಕ್ಕು ಅಷ್ಟಕ್ಕೇ ನಿಲ್ಲುತ್ತದೆ. ದೂರ ಸಿಗುವುದು ಸಮಯದ ಲೆಕ್ಕದಿಂದ. ರೇಡಿಯೋ ತರಂಗ ಒಂದು ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ, 300 ಮೀಟರ್ ಸಾಗುತ್ತದೆ. ಒಂದೇ ಟವರನ್ನು ಹಂಚಿಕೊಂಡ ಫೋನುಗಳ ಮಾತು ಒಂದರ ಮೇಲೊಂದು ಬೀಳಬಾರದು. ಆದ್ದರಿಂದ ದೂರದ ಫೋನಿಗೆ ‘ನೀನು ಇಷ್ಟು ಮೊದಲೇ ಕಳಿಸು’ ಎಂದು ಟವರ್ ಅಪ್ಪಣೆ ಕೊಡುತ್ತದೆ. ಎಷ್ಟು ಮೊದಲು ಎಂಬ ಆ ಅಂಕಿಯಲ್ಲೇ ದೂರ ಅಡಗಿದೆ. 2ಜಿಯಲ್ಲಿ ಅದರ ಒಂದು ಹೆಜ್ಜೆಗೆ ಸುಮಾರು 550 ಮೀಟರ್, 4ಜಿಯಲ್ಲಿ ಸುಮಾರು 78 ಮೀಟರ್. ಯಾರನ್ನೂ ಹಿಂಬಾಲಿಸಲೆಂದು ಮಾಡಿದ ಏರ್ಪಾಡಲ್ಲ ಇದು; ಸರದಿ ಕಾಯಿಸಲು ಮಾಡಿದ್ದು.

78 ಮೀಟರ್ ಎಂದರೆ ಬಹಳ ನಿಖರವೆನಿಸಬಹುದು. ಆದರೆ ಟವರಿನಿಂದ 6 ಕಿಲೋಮೀಟರ್ ದೂರದ ಫೋನಿಗೆ ಈ ಲೆಕ್ಕ ಹಾಕಿ ನಕ್ಷೆಯ ಮೇಲೆ ಬರೆದರೆ ಸಿಗುವುದು ಚುಕ್ಕೆಯಲ್ಲ, ಬಳೆಯ ಚೂರಿನಂಥ ಒಂದು ಪಟ್ಟಿ: ಅಗಲ 78 ಮೀಟರ್, ಉದ್ದ ಹನ್ನೆರಡೂವರೆ ಕಿಲೋಮೀಟರ್. ಫೋನು ಅದರೊಳಗೆ ಎಲ್ಲಿ ಬೇಕಾದರೂ ಇರಬಹುದು. ಅಪರಾಧ ಸುದ್ದಿಗಳಲ್ಲಿ ‘ಟವರ್ ಲೊಕೇಶನ್’ ಎಂಬ ಮಾತು ಮನೆ ಬಾಗಿಲನ್ನೇ ತೋರಿಸಿದಂತೆ ಬಳಕೆಯಾಗುತ್ತದೆ. ಟವರುಗಳು ಒತ್ತೊತ್ತಾಗಿರುವ ಬೆಂಗಳೂರಿನಲ್ಲಿ ಅದಕ್ಕೆ ತಕ್ಕಮಟ್ಟಿನ ಆಧಾರವಾದರೂ ಇದೆ; ಪಾವಗಡದ ಬಯಲಿನಲ್ಲಿ ಒಂದೇ ಪಟ್ಟಿಯೊಳಗೆ ಹಲವು ಊರುಗಳು ಬಂದುಬಿಡಬಹುದು. ಚಲಿಸುವ ವಸ್ತುವಿನ ವಿಷಯದಲ್ಲಿ ಮಾತ್ರ ಒಂದು ಅನುಕೂಲವಿದೆ. ಫೋನು ಮಿಡಿಗೇಶಿ ಕಡೆಗೆ ಹೋಗುವ ಬಸ್ಸಿನಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ, ಆ ಪಟ್ಟಿ ರಸ್ತೆಯನ್ನು ಕತ್ತರಿಸುವ ಜಾಗವನ್ನಷ್ಟೇ ನೋಡಿದರೆ ಸಾಕು. ಉದ್ದದ ಅನಿಶ್ಚಯವನ್ನೆಲ್ಲ ರಸ್ತೆಯೇ ನುಂಗಿಹಾಕುತ್ತದೆ.

ದಿಕ್ಕಿನ ಗೊಂದಲ ಬಿಡಿಸುವ ಇನ್ನೊಂದು ದಾರಿ ಮೂರು ಟವರುಗಳನ್ನು ಬಳಸುವುದು. ಅವುಗಳ ಸಿಗ್ನಲ್ ಫೋನಿಗೆ ಮುಟ್ಟುವ ಹೊತ್ತಿನ ವ್ಯತ್ಯಾಸ ಅಳೆದರೆ ಜಾಗ ಒಂದು ಬಿಂದುವಿನ ಸುತ್ತ ಕೂಡುತ್ತದೆ. ಟವರುಗಳ ಗಡಿಯಾರಗಳು ಒಂದು ಮೈಕ್ರೋಸೆಕೆಂಡ್ ತಪ್ಪಿದರೂ ಲೆಕ್ಕದಲ್ಲಿ 300 ಮೀಟರ್ ಎಡವಟ್ಟಾಗುತ್ತದೆ. ಗಡಿಯಾರ ಸರಿಯಿದ್ದರೂ ಹಳ್ಳಿಗಾಡಿನಲ್ಲಿ ಮೂರು ಟವರು ಒಟ್ಟಿಗೆ ಕೇಳಿಸುವುದೇ ಅಪರೂಪ.

ಈ ಸೀಮೆಯ ನಿಜವಾದ ತೊಡಕು ಬಂಡೆ. ಸಮುದ್ರಮಟ್ಟದಿಂದ 1,193 ಮೀಟರ್ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟವಾಗಲಿ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವಾಗಲಿ, ರೇಡಿಯೋ ತರಂಗವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೆಟ್ಟದ ಹಿಂದಕ್ಕೆ ಸಿಗುವುದು ಅಂಚಿನಲ್ಲಿ ಬಾಗಿ ಬಂದ ಕ್ಷೀಣ ತರಂಗ, ಇಲ್ಲವೇ ಎದುರಿನ ಇನ್ನೊಂದು ಬಂಡೆಗೆ ಬಡಿದು ಮರಳಿದ ತರಂಗ. ಹಾಗೆ ಬಳಸಿಕೊಂಡು ಬಂದ ತರಂಗ ನೇರ ದಾರಿಗಿಂತ 600 ಮೀಟರ್ ಹೆಚ್ಚು ನಡೆದಿದ್ದರೆ, ಫೋನು 600 ಮೀಟರ್ ಆಚೆಗಿದೆ ಎಂದೇ ಜಾಲದ ಲೆಕ್ಕ.

ಪಾವಗಡದ್ದು ಇನ್ನೊಂದು ಬಗೆ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರಪ್ರದೇಶ. ಎರಡು ರಾಜ್ಯಗಳೂ ಬೇರೆ ಬೇರೆ ಟೆಲಿಕಾಂ ವೃತ್ತಗಳು. ಫೋನಿಗೆ ಕಂದಾಯ ನಕ್ಷೆಯ ಗಡಿ ತಿಳಿಯದು. ಕಿವಿಗೆ ಬಿದ್ದ ಸಿಗ್ನಲ್ಲಿನ ಬಲಾಬಲವಷ್ಟೇ ತಿಳಿಯುತ್ತದೆ. ಗಡಿಯಂಚಿನ ಹೊಲದಲ್ಲಿ ನಿಂತವರ ಫೋನು ಮಡಕಶಿರಾ ಕಡೆಯ ಟವರನ್ನು ಹಿಡಿಯಬಹುದು. ದಾಖಲೆಯಲ್ಲಿ ಆಂಧ್ರ ಎಂದಿದ್ದ ಮಾತ್ರಕ್ಕೆ ಆ ವ್ಯಕ್ತಿ ರಾಜ್ಯ ದಾಟಿದ್ದಾನೆ ಎಂದಾಗುವುದಿಲ್ಲ.

ವೇಗವನ್ನು ತರಂಗದ ಆವರ್ತನದಿಂದಲೇ ಅಳೆಯಬಹುದು. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಟವರಿನತ್ತ ಸಾಗುವ ಬಸ್ಸಿನೊಳಗಿನ ಫೋನಿಗೆ ಸೆಕೆಂಡಿಗೆ ಸುಮಾರು 50 ಅಲೆಗಳು ಹೆಚ್ಚಾಗಿ ಮುಟ್ಟುತ್ತವೆ. ದೂರ ಸರಿಯುವಾಗ ಅಷ್ಟೇ ಕಡಿಮೆ. 90 ಕೋಟಿಯಲ್ಲಿ 50! ಇಷ್ಟು ಸಣ್ಣ ವ್ಯತ್ಯಾಸವನ್ನೂ ಫೋನಿನ ಬಿಲ್ಲೆ ಗುರುತಿಸಿ ಸರಿಪಡಿಸಿಕೊಳ್ಳುತ್ತದೆ. ಬಸ್ಸು ಟವರಿಗೆ ಅಡ್ಡಲಾಗಿ ಸಾಗುವ ಗಳಿಗೆಯಲ್ಲಿ ಮಾತ್ರ ವ್ಯತ್ಯಾಸ ಸೊನ್ನೆ. ಎಷ್ಟೇ ವೇಗವಿದ್ದರೂ ನಿಂತಂತೆಯೇ ಕಾಣುತ್ತದೆ.

ವಾಹನಗಳಿಗೆ ಅಳವಡಿಸುವ ಟ್ರ್ಯಾಕರ್‌ಗಳು ಈ ರಗಳೆಗೆ ಹೋಗುವುದಿಲ್ಲ. ಜಾಗವನ್ನು ಜಿಪಿಎಸ್ ಅಥವಾ ನಮ್ಮದೇ ನಾವಿಕ್ ಉಪಗ್ರಹಗಳಿಂದ ತಿಳಿದುಕೊಂಡು, ಒಳಗಿನ ಸಿಮ್ ಮೂಲಕ ಅದನ್ನು ಕಳಿಸುತ್ತವೆ. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ, ಆಟೋರಿಕ್ಷಾದಂಥವುಗಳನ್ನು ಬಿಟ್ಟು, ಇಂಥ ಸಾಧನವನ್ನೂ ಅಪಾಯದ ಗುಂಡಿಯನ್ನೂ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಬೆಟ್ಟದ ಮರೆಯಲ್ಲಿ ನೆಟ್‌ವರ್ಕ್ ಹೋದರೆ ಸಾಧನ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು, ಸಿಗ್ನಲ್ ಬಂದ ಮೇಲೆ ಒಟ್ಟಿಗೆ ಕಳಿಸುತ್ತದೆ. ಪರದೆಯ ಮೇಲೆ ಬಸ್ಸು ಒಂದೇ ಕಡೆ ನಿಂತು, ಆಮೇಲೆ ಹಾರಿದಂತೆ ಕಾಣುವುದು ಇದರಿಂದಲೇ.

ಶಿರಾ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಟೋಲ್‌ಗಳಲ್ಲಿ ಇದಕ್ಕೆ ತದ್ವಿರುದ್ಧ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ಗೆ ಬ್ಯಾಟರಿಯೇ ಇಲ್ಲ. ಓದುಯಂತ್ರದ ತರಂಗದಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಮರಳಿಸುತ್ತದೆ. ಯಂತ್ರ ಕೆಲವೇ ಮೀಟರ್ ದೂರದಲ್ಲಿರುವುದರಿಂದ ಆ ಗಳಿಗೆಯಲ್ಲಿ ಲಾರಿ ಎಲ್ಲಿದೆ ಎಂಬುದು ಕರಾರುವಾಕ್ಕು. ಮುಂದಿನ ಟೋಲ್‌ವರೆಗೆ ಏನೂ ಗೊತ್ತಿಲ್ಲ.

ಫೋನಾಗಲಿ ಟ್ಯಾಗ್ ಆಗಲಿ ಇಲ್ಲದ ವಸ್ತುವನ್ನೂ ಬೇರೆಯವರ ಸಿಗ್ನಲ್‌ನಿಂದ ಪತ್ತೆಮಾಡಬಹುದು. 1935ರ ಫೆಬ್ರುವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿಯಲ್ಲಿ ರಾಬರ್ಟ್ ವಾಟ್ಸನ್ ವಾಟ್ ಮತ್ತು ಅರ್ನಾಲ್ಡ್ ವಿಲ್ಕಿನ್ಸ್ ಅವರು ಬಿಬಿಸಿಯ ಪ್ರಸಾರ ಕೇಂದ್ರದ ತರಂಗಗಳು ಒಂದು ವಿಮಾನಕ್ಕೆ ತಾಗಿ ಮರಳುವುದನ್ನು ಹಿಡಿದು ತೋರಿಸಿದರು. ಬ್ರಿಟನ್ನಿನ ರೇಡಾರ್ ಬೆಳೆದದ್ದು ಅಲ್ಲಿಂದ. ಎಂಐಟಿಯ ಫಾದೆಲ್ ಅದೀಬ್ ಮತ್ತು ದೀನಾ ಕತಾಬಿ 2013ರಲ್ಲಿ ವೈ-ಫೈ ತರಂಗಗಳಿಂದ ಗೋಡೆಯಾಚೆ ಓಡಾಡುವವರನ್ನು ಗುರುತಿಸಿದರು. ಗೋಡೆ, ಮೇಜು ಮರಳಿಸುವ ತರಂಗ ಬದಲಾಗುವುದಿಲ್ಲ. ಅದನ್ನು ಕಳೆದುಬಿಟ್ಟರೆ ಉಳಿಯುವುದು ಚಲಿಸುವ ದೇಹ ಮರಳಿಸಿದ್ದು ಮಾತ್ರ. ಈ ಬಗೆಯ ಗ್ರಹಿಕೆಗೆಂದೇ ವೈ-ಫೈ ಮಾನದಂಡಗಳಲ್ಲಿ 802.11ಬಿಎಫ್ ಎಂಬುದು ರೂಪುಗೊಂಡಿದೆ. ಸಿಮ್ ಇದ್ದಲ್ಲಿ ಫೋನು ಯಾರ ಹೆಸರಿನಲ್ಲಿದೆ ಎಂದು ಗೊತ್ತು, ಜಾಗ ಮಸುಕು. ಇಲ್ಲಿ ಏನೋ ಅಲುಗಿತೆಂಬುದು ಸ್ಪಷ್ಟ; ಅದು ಮನುಷ್ಯನೋ, ಗಾಳಿಗೆ ಆಡಿದ ಪರದೆಯೋ ಎಂದು ಬಿಡಿಸಿ ಹೇಳಲು ಇನ್ನೊಂದು ಸುತ್ತಿನ ಲೆಕ್ಕಾಚಾರ ಬೇಕು.