ಇಬ್ಬರು ದ್ವಾರಪಾಲಕರು, ಒಂದೇ ಪ್ರಶ್ನೆ

ಬೀದರಿನ ಕೋಟೆಯನ್ನು ನೋಡಿದ ವಾಚಕರು ಅಲ್ಲಿಯ ಶರ್ಜಾ ದರ್ವಾಜೆಯನ್ನು ಮರೆತಿರಲಾರರು. ಬಾಗಿಲಿನ ಮುಂಭಾಗದಲ್ಲಿ ಎರಡು ಹುಲಿಗಳನ್ನು ಕೆತ್ತಲಾಗಿದೆ. ಅವುಗಳಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಅಲ್ಲಿಯ ಶಾಸನವು ಕ್ರಿ.ಶ. ೧೫೦೩ನೆಯ ವರ್ಷದ್ದು. ಕಳೆದ ದೀಪಾವಳಿಯ ರಜೆಯಲ್ಲಿ ನಾವು ನಮ್ಮ ಮೊಮ್ಮಗಳನ್ನು ಕರೆದುಕೊಂಡು ಆ ಬಾಗಿಲಿನ ಮುಂದೆ ನಿಂತಿದ್ದಾಗ, ಬಾಲಿಕೆಯು ಹುಲಿಗಳನ್ನು ತದೇಕಚಿತ್ತಳಾಗಿ ನೋಡುತ್ತಿದ್ದು, ಇದ್ದಕ್ಕಿದ್ದಂತೆ ಹೀಗೆಂದಳು:

"ಮುತ್ಯಾ, ಈ ಎರಡು ಹುಲಿಯೊಳಗ ಒಂದು ಯಾವಾಗಲೂ ಖರೇ ಹೇಳ್ತದ, ಇನ್ನೊಂದು ಯಾವಾಗಲೂ ಸುಳ್ಳೇ ಹೇಳ್ತದ ಅಂತ ತಿಳ್ಕೋರಿ. ಯಾವುದು ಯಾವುದು ಅಂತ ನಿಮಗ ಗೊತ್ತಿಲ್ಲ. ಒಂದೇ ಪ್ರಶ್ನೆ ಕೇಳಬೇಕು. ಏನು ಕೇಳ್ತೀರಿ?"

ಆ ಒಗಟು ನಮಗೆ ಹೊಸದಾಗಿರಲಿಲ್ಲ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಶಾಲೆಗಳಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದ ನಾವು ಅದನ್ನು ಎಷ್ಟೋ ಮಕ್ಕಳಿಗೆ ಹಾಕಿದ್ದೆವು. ಆದರೂ ಆ ದಿನ ಆ ಬಾಲಿಕೆಯಿಂದ ನಾವು ಕಲಿತ ಪಾಠವೊಂದುಂಟು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಗಟಿನ ಸ್ವರೂಪವಿಷ್ಟು. ಒಬ್ಬ ದಾರಿಕಾರನ ಮುಂದೆ ಎರಡು ಬಾಗಿಲುಗಳಿವೆ. ಒಂದರೊಳಗೆ ಹೋದರೆ ಊರು, ಇನ್ನೊಂದರೊಳಗೆ ಹೋದರೆ ಹಸಿದ ಹುಲಿ. ಬಾಗಿಲುಗಳ ಮುಂದೆ ಇಬ್ಬರು ದ್ವಾರಪಾಲಕರಿದ್ದಾರೆ. ಒಬ್ಬನು ಸದಾ ಸತ್ಯವನ್ನೇ ನುಡಿಯತಕ್ಕವನು. ಮತ್ತೊಬ್ಬನು ಸದಾ ಸುಳ್ಳನ್ನೇ ನುಡಿಯತಕ್ಕವನು. ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆಂಬುದೂ, ತಮ್ಮಲ್ಲಿ ಯಾರ ಸ್ವಭಾವ ಎಂಥದೆಂಬುದೂ ಇಬ್ಬರಿಗೂ ತಿಳಿದಿದೆ. ದಾರಿಕಾರನು ಒಬ್ಬನಿಗೆ ಒಂದೇ ಪ್ರಶ್ನೆಯನ್ನು ಹಾಕಿ ಊರಿನ ಬಾಗಿಲನ್ನು ಕಂಡುಕೊಳ್ಳಬೇಕು.

"ನೀನು ಸುಳ್ಳುಗಾರನೋ?" ಎಂದು ಕೇಳಿ ಪ್ರಯೋಜನವಿಲ್ಲ. ಸತ್ಯವಂತನು "ಅಲ್ಲ" ಎಂದು ಸತ್ಯವನ್ನು ಹೇಳುವನು. ಸುಳ್ಳುಗಾರನೂ "ಅಲ್ಲ" ಎಂದೇ ಸುಳ್ಳನ್ನು ಹೇಳುವನು. "ನಾನು ಹೇಳುವುದೆಲ್ಲವೂ ಸುಳ್ಳು" ಎಂಬ ಮಾತು ತನ್ನ ಕಾಲನ್ನು ತಾನೇ ಕಡಿದುಕೊಳ್ಳುವಂಥದು. ಆ ಮಾತಿನ ತೊಡಕನ್ನು ನಮ್ಮ ವೈಯಾಕರಣರಲ್ಲಿ ಭರ್ತೃಹರಿಯೇ ವಾಕ್ಯಪದೀಯದಲ್ಲಿ ವಿಚಾರಮಾಡಿದ್ದಾನೆ.

ಎಲ್ಲರೂ ಬಲ್ಲ ಉತ್ತರವು ಇದು. ಇಬ್ಬರಲ್ಲಿ ಯಾರನ್ನಾದರೂ ಸಮೀಪಿಸಿ, "ಊರಿಗೆ ಹೋಗುವ ಬಾಗಿಲು ಯಾವುದೆಂದು ನಿನ್ನ ಜೊತೆಗಾರನನ್ನು ಕೇಳಿದರೆ, ಅವನು ಯಾವುದನ್ನು ತೋರಿಸುವನು?" ಎಂದು ಕೇಳಬೇಕು. ಕೇಳಿಸಿಕೊಂಡವನು ಸತ್ಯವಂತನಾದರೆ, ಸುಳ್ಳುಗಾರನಾದ ಜೊತೆಗಾರನು ತೋರಿಸತಕ್ಕ ಹುಲಿಯ ಬಾಗಿಲನ್ನೇ ಯಥಾರ್ಥವಾಗಿ ತೋರಿಸುವನು. ಸುಳ್ಳುಗಾರನಾದರೆ, ಸತ್ಯವಂತನು ತೋರಿಸತಕ್ಕ ಊರಿನ ಬಾಗಿಲನ್ನು ಮರೆಮಾಚಿ, ಆಗಲೂ ಹುಲಿಯ ಬಾಗಿಲನ್ನೇ ತೋರಿಸುವನು. ಆದುದರಿಂದ ತೋರಿಸಿದ ಬಾಗಿಲನ್ನು ಬಿಟ್ಟು ಇನ್ನೊಂದರಲ್ಲಿ ಹೋಗುವುದೇ ಯುಕ್ತ.

ಇದರ ಮರ್ಮವನ್ನು ಮಕ್ಕಳಿಗೆ ತಿಳಿಸುವುದಕ್ಕೆ ನಾವು ಬ್ರಹ್ಮಗುಪ್ತನನ್ನು ಆಶ್ರಯಿಸುತ್ತಿದ್ದೆವು. ಕ್ರಿ.ಶ. ೬೨೮ರಲ್ಲಿ ರಚಿತವಾದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಆತನು ಧನ ಋಣಗಳ ಗುಣಾಕಾರದ ನಿಯಮಗಳನ್ನು ಹೇಳಿದ್ದಾನೆ: ಧನವನ್ನು ಋಣದಿಂದ ಗುಣಿಸಿದರೆ ಋಣ, ಋಣವನ್ನು ಋಣದಿಂದ ಗುಣಿಸಿದರೆ ಧನ. ಸತ್ಯವನ್ನು ಧನವೆಂದೂ ಸುಳ್ಳನ್ನು ಋಣವೆಂದೂ ಎಣಿಸಿರಿ. ಮೇಲಣ ಪ್ರಶ್ನೆಯು ಇಬ್ಬರ ಬಾಯಿಂದಲೂ ಹಾದು ಬರುತ್ತದೆ. ಅವರಲ್ಲಿ ಒಂದು ಧನ, ಒಂದು ಋಣ. ಗುಣಲಬ್ಧವು ಯಾವಾಗಲೂ ಋಣವೇ. ಯಾವಾಗಲೂ ತಪ್ಪಾಗಿರುವ ಉತ್ತರವು ಯಾವಾಗಲೂ ಸರಿಯಾಗಿರುವ ಉತ್ತರದಷ್ಟೇ ಉಪಯುಕ್ತವಾದುದು. ಕೆಲವು ಸಲ ಸರಿ, ಕೆಲವು ಸಲ ತಪ್ಪಾದುದೇ ಅಪಾಯಕರ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಾಗಿಲುಗಳ ವಿಷಯದಲ್ಲಿ ಎರಡು ಸಾಧ್ಯತೆಗಳು, ಪಾಲಕರ ವಿಷಯದಲ್ಲಿ ಎರಡು, ಕೂಡಿ ನಾಲ್ಕು. ಒಂದು ಉತ್ತರವಾದರೋ ಈ ಬಾಗಿಲು ಇಲ್ಲವೆ ಆ ಬಾಗಿಲು ಎಂದು ಎರಡನ್ನು ಮಾತ್ರ ಬೇರ್ಪಡಿಸಬಲ್ಲದು. ಆದುದರಿಂದ ದಾರಿಯನ್ನೂ ಸುಳ್ಳುಗಾರನನ್ನೂ ಒಂದೇ ಪ್ರಶ್ನೆಯಿಂದ ಕಂಡುಹಿಡಿಯುವುದು ಅಸಾಧ್ಯ. ಜಾಣನಾದ ದಾರಿಕಾರನು ಊರನ್ನು ಸೇರುತ್ತಾನೆ. ಆದರೆ ಇಬ್ಬರಲ್ಲಿ ಸುಳ್ಳುಗಾರನು ಯಾರೆಂಬುದು ಅವನಿಗೆ ಕೊನೆಗೂ ತಿಳಿಯುವುದಿಲ್ಲ. ಸುಳ್ಳುಗಾರನನ್ನು ಹಿಡಿಯಲೇಬೇಕೆಂದು ಹಟಮಾಡಿ ಪ್ರಶ್ನೆಯನ್ನು ವ್ಯಯಮಾಡಿದವನಿಗೆ ದಾರಿಯು ದೊರೆಯುವುದಿಲ್ಲ.

ಇಂತಹ ಒಗಟುಗಳಿಗೆ ಹೊರದೇಶಗಳಲ್ಲಿಯೂ ಬಹಳ ಆದರವುಂಟು. ಅಮೆರಿಕದ ತತ್ತ್ವಜ್ಞ ನೆಲ್ಸನ್ ಗುಡ್‌ಮನ್ನರು ಸತ್ಯವಂತರ ಮತ್ತು ಸುಳ್ಳುಗಾರರ ಒಗಟೊಂದನ್ನು ೧೯೩೧ರಲ್ಲಿ ಬಾಸ್ಟನ್ ನಗರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ತರ್ಕಶಾಸ್ತ್ರಜ್ಞರಾದ ರೇಮಂಡ್ ಸ್ಮಲ್ಯನ್ನರು ೧೯೭೮ರ ತಮ್ಮ ಗ್ರಂಥದಲ್ಲಿ ಇಂತಹ ಜನರಿಂದಲೇ ತುಂಬಿದ ದ್ವೀಪವನ್ನು ಕಲ್ಪಿಸಿದರು. ಜಾರ್ಜ್ ಬೂಲೋಸರು ೧೯೯೬ರಲ್ಲಿ ಬರೆದ ಲೇಖನದ ಒಗಟಿನಲ್ಲಿ ಸತ್ಯವಂತ, ಸುಳ್ಳುಗಾರ ಇವರಿಬ್ಬರ ಜೊತೆಗೆ ಮನಬಂದಂತೆ ನುಡಿಯುವ ಮೂರನೆಯವನೂ ಇದ್ದಾನೆ. ಲೋಕದಲ್ಲಿ ನಾವು ಹೆಚ್ಚಾಗಿ ಎದುರುಗೊಳ್ಳುವುದು ಈ ಮೂರನೆಯವನನ್ನೇ ಎಂಬುದನ್ನು ಗೃಹಸ್ಥರಿಗೆ ಹೇಳಬೇಕಾದುದಿಲ್ಲ.

ನಾವು ಇಷ್ಟನ್ನೂ ಮೊಮ್ಮಗಳಿಗೆ ವಿವರಿಸಿ, ಉಪಾಧ್ಯಾಯರಿಗೆ ಸಹಜವಾದ ಹೆಮ್ಮೆಯಿಂದ ನಿಂತಿದ್ದೆವು. ಆಗ ಅವಳು ಕೇಳಿದಳು: "ಮುತ್ಯಾ, ಎರಡೂ ಹುಲಿ ಖರೇ ಹೇಳೋವೇ ಇದ್ದರ?"

ನಮ್ಮ ಬಾಯಿ ಕಟ್ಟಿತು. ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು. ಇಬ್ಬರೂ ಸತ್ಯವಂತರಾಗಿದ್ದರೆ, ಜೊತೆಗಾರನು ತೋರಿಸುವುದು ಊರಿನ ಬಾಗಿಲು. ಇವನು ಹೇಳುವುದೂ ಅದನ್ನೇ. ನಾವು ಮಾತ್ರ ನಮ್ಮ ಜಾಣತನವನ್ನು ನಂಬಿ ಅದನ್ನು ಬಿಟ್ಟು ಇನ್ನೊಂದರಲ್ಲಿ ಹೋಗಿ ಹುಲಿಯ ಬಾಯಿಗೆ ಬೀಳುವೆವು. ಯಾರೂ ಸುಳ್ಳಾಡಲಿಲ್ಲ, ಇಬ್ಬರಲ್ಲಿ ಒಬ್ಬನು ಸುಳ್ಳುಗಾರನೇ ಸರಿ ಎಂಬ ನಮ್ಮ ಎಣಿಕೆಯೇ ನಮ್ಮನ್ನು ಕೊಂದಿತು.

ಆ ಮಾತು ನಮ್ಮನ್ನು ಮೂವತ್ತು ವರ್ಷಗಳಿಗೂ ಹಿಂದಕ್ಕೆ ಒಯ್ದಿತು. ಆಗ ನಾವು ಔರಾದ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ಇದೇ ಬೀದರ ಕೋಟೆಯ ಪ್ರವಾಸಕ್ಕೆಂದು ಮಕ್ಕಳು ಕೂಡಿಸಿದ್ದ ೮೪ ರೂಪಾಯಿಗಳು ನಮ್ಮ ಮೇಜಿನ ಮೇಲಿಂದ ಕಾಣೆಯಾದುವು. ಬಿಡುವಿನ ವೇಳೆಯಲ್ಲಿ ಕೋಣೆಯಲ್ಲಿದ್ದವರು ಇಬ್ಬರು ಹುಡುಗರು. ಒಬ್ಬನು ಎಲ್ಲರ ಬಾಯಲ್ಲಿಯೂ ಒಳ್ಳೆಯವನು. ಇನ್ನೊಬ್ಬನು ಶಾಲೆಗೆ ತಪ್ಪಿಸುವವನೆಂದು, ನೆಪ ಹೇಳುವವನೆಂದು ಹೆಸರಾದವನು. "ನಾನು ತೊಗೊಂಡಿಲ್ರಿ" ಎಂದು ಇಬ್ಬರೂ ಹೇಳಿದರು. ಹಣವು ಹೋಗಿರುವಾಗ ಇಬ್ಬರ ಮಾತೂ ನಿಜವಾಗುವುದೆಂತು? ಒಬ್ಬನು ಸುಳ್ಳು ಹೇಳುತ್ತಿರಲೇಬೇಕೆಂದು ನಾವು ನಿಶ್ಚಯಿಸಿದೆವು. ಒಳ್ಳೆಯವನನ್ನು ಬದಿಗೆ ಕರೆದು, "ಅವನು ತೆಗೆದುಕೊಂಡಿರಬಹುದೋ?" ಎಂದು ಕೇಳಿದೆವು. ಅವನು ಅಂಜುತ್ತ, "ಗೊತ್ತಿಲ್ರಿ ಸರ್, ಇರಬಹುದು" ಎಂದನು. ನಮಗೆ ಅಷ್ಟೇ ಸಾಕಾಯಿತು. ಇನ್ನೊಬ್ಬನಿಗೆ ಎಲ್ಲರ ಮುಂದೆ ಬೆತ್ತದಿಂದ ಹೊಡೆದೆವು.

ಮರುದಿನದಿಂದ ಆ ಹುಡುಗನು ಶಾಲೆಗೆ ಬರಲಿಲ್ಲ. ವಾರದ ಮೇಲೆ, ಮನೆಯಲ್ಲಿ ನಾವು ಶಬ್ದಮಂಜರಿಯನ್ನು ತೆರೆದಾಗ ಹಾಳೆಗಳ ನಡುವೆ ಆ ನೋಟುಗಳಿದ್ದುವು. ಇಟ್ಟವರು ನಾವೇ, ಮರೆತವರೂ ನಾವೇ. ಹುಡುಗನ ಮನೆಗೆ ಓಡಿಹೋದೆವು. ಅವನನ್ನು ಸೋದರಮಾವನ ಸಂಗಡ ಹೈದರಾಬಾದಿಗೆ ಕೆಲಸಕ್ಕೆ ಕಳುಹಿಸಿಯಾಗಿತ್ತು. "ಓದೋದು ಅವನ ಹಣೇಬರಹದಾಗ ಇಲ್ಲ ಬಿಡ್ರಿ ಗುರುಗಳೇ" ಎಂದು ಅವನ ತಂದೆಯು ನಮ್ಮನ್ನೇ ಸಮಾಧಾನಪಡಿಸಿದನು.

ಇಬ್ಬರೂ ಸತ್ಯವನ್ನೇ ನುಡಿದಿದ್ದರು. ನಾವು ಸುಳ್ಳುಗಾರನನ್ನು ಹುಡುಕಿದೆವು, ಹಣವನ್ನು ಹುಡುಕಲಿಲ್ಲ.

ದೊಡ್ಡವರ ಅರಮನೆಗಳಲ್ಲಿಯೂ ಈ ತಪ್ಪು ನಡೆದುದುಂಟು. ಬೀದರಿನಲ್ಲಿ ೧೪೭೨ರಲ್ಲಿ ಪ್ರಸಿದ್ಧವಾದ ವಿದ್ಯಾಲಯವನ್ನು ಕಟ್ಟಿಸಿದ ಬಹಮನಿ ರಾಜ್ಯದ ಮಂತ್ರಿ ಮಹಮೂದ ಗವಾನನ ಅಂತ್ಯವನ್ನು ವಾಚಕರು ಕೇಳಿರಬಹುದು. ಇತಿಹಾಸಕಾರ ಫಿರಿಸ್ತನು ಹೇಳುವಂತೆ, ಆತನ ವೈರಿಗಳು ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು, ಬರೆಯದ ಕಾಗದದ ಮೇಲೆ ಗವಾನನ ಮುದ್ರೆಯನ್ನು ಒತ್ತಿಸಿಕೊಂಡರು. ಅನಂತರ ಅದರ ಮೇಲೆ, ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆದ ದ್ರೋಹಪತ್ರವನ್ನು ಬರೆದು ಸುಲ್ತಾನ ಮೂರನೆಯ ಮಹಮ್ಮದ ಶಹನಿಗೆ ತೋರಿಸಿದರು. ಸುಲ್ತಾನನು ವೃದ್ಧಮಂತ್ರಿಯನ್ನು ಕರೆಸಿ, ಒಡೆಯನಿಗೆ ದ್ರೋಹ ಬಗೆದವನಿಗೆ ಏನು ಶಿಕ್ಷೆಯೆಂದು ಕೇಳಿದನು. ಆಮೇಲೆ ಪತ್ರವನ್ನು ಮುಂದಿಟ್ಟನು. ಮುದ್ರೆಯು ತನ್ನದೇ, ಪತ್ರವು ತನ್ನದಲ್ಲವೆಂದು ಗವಾನನು ಹೇಳಿದನು. ಎರಡು ಮಾತುಗಳೂ ನಿಜ. ಮುದ್ರೆಯು ಯಾರ ವಶದಲ್ಲಿತ್ತು, ಅಕ್ಷರವು ಯಾರದು ಎಂದು ವಿಚಾರಿಸುವ ತಾಳ್ಮೆಯು ಸುಲ್ತಾನನಿಗಿರಲಿಲ್ಲ. ೧೪೮೧ರ ಏಪ್ರಿಲ್ ತಿಂಗಳಲ್ಲಿ ಕೊಂಡಪಲ್ಲಿಯ ಬಿಡಾರದಲ್ಲಿ ಆ ಮಂತ್ರಿಯ ತಲೆ ಹೋಯಿತು. ಸತ್ಯವು ತಿಳಿದ ಸುಲ್ತಾನನು ಪಶ್ಚಾತ್ತಾಪಪಟ್ಟು, ವರ್ಷವು ತುಂಬುವ ಮೊದಲೇ ತಾನೂ ತೀರಿಕೊಂಡನು.

ನಿಜವಾದ ಮುದ್ರೆಯ ಕೆಳಗೆ ಸುಳ್ಳು ಪತ್ರವಿದ್ದಂತೆ, ಸುಳ್ಳು ಫಲಕದ ಹಿಂದೆ ನಿಜವಾದ ವಿದ್ಯೆಯೂ ಇರಬಹುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ದೃಷ್ಟಾಂತವಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡದ ಶಾಲೆಗಳಿಗೆ ಆಸ್ಪದವಿಲ್ಲದಿದ್ದಾಗ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಇಲ್ಲಿಯ ಮನೆಮಾತು. ಬಾಗಿಲಿನ ಮಾತನ್ನಷ್ಟೇ ಕೇಳಿ ಹಿಂದಿರುಗಿದವನಿಗೆ ಒಳಗಣ ಪಾಠವು ತಿಳಿಯುವಂತಿರಲಿಲ್ಲ.

ಹಾಗಾದರೆ ಮೊಮ್ಮಗಳ ಪ್ರಶ್ನೆಗೆ ಉತ್ತರವಿಲ್ಲವೆ? ಉಂಟು. ಜೊತೆಗಾರನ ವಿಷಯವನ್ನು ಬಿಟ್ಟು, ಎದುರಿಗಿದ್ದವನನ್ನು ಅವನ ವಿಷಯವಾಗಿಯೇ ಕೇಳಬೇಕು: "ಊರಿನ ಬಾಗಿಲು ಯಾವುದೆಂದು ನಾನು ನಿನ್ನನ್ನೇ ಕೇಳಿದರೆ, ನೀನು ಯಾವುದನ್ನು ತೋರಿಸುವೆ?" ಸತ್ಯವಂತನು ಊರಿನ ಬಾಗಿಲನ್ನೇ ತೋರಿಸುವನು. ಸುಳ್ಳುಗಾರನು ನೇರವಾಗಿ ಕೇಳಿದ್ದರೆ ಹುಲಿಯ ಬಾಗಿಲನ್ನು ತೋರಿಸತಕ್ಕವನು. ಈಗ ಆ ಸಂಗತಿಯ ವಿಷಯದಲ್ಲಿಯೂ ಸುಳ್ಳಾಡಬೇಕಾದುದರಿಂದ ಊರಿನ ಬಾಗಿಲನ್ನೇ ತೋರಿಸುವನು. ಋಣವನ್ನು ಋಣದಿಂದ ಗುಣಿಸಿ ಧನವಾಯಿತು. ಅಭಾವದ ಅಭಾವವು ಭಾವವೇ ಎಂದು ತರ್ಕಪಾಠದಲ್ಲಿ ನಾವು ಓದಿದುದೂ ಇದನ್ನೇ. ಈ ಪ್ರಶ್ನೆಗೆ, ಇಬ್ಬರಲ್ಲಿ ಒಬ್ಬನು ಸುಳ್ಳುಗಾರನಾಗಿರಲೇಬೇಕೆಂಬ ಎಣಿಕೆಯು ಬೇಡ. ಇಬ್ಬರೂ ಸತ್ಯವಂತರಾಗಿರಲಿ, ಇಬ್ಬರೂ ಸುಳ್ಳುಗಾರರಾಗಿರಲಿ, ತೋರಿಸಿದ ಬಾಗಿಲಲ್ಲಿ ನಿರ್ಭಯವಾಗಿ ಹೋಗಬಹುದು. ಒಬ್ಬನ ಮೇಲೆ ಇನ್ನೊಬ್ಬನಿಂದ ಮಾತು ತೆಗೆಯುವ ಪ್ರಶ್ನೆಗಿಂತ ಇದು ಶ್ರೇಷ್ಠವೆಂದು ನಮ್ಮ ಅಲ್ಪಮತಿಗೆ ತೋರುತ್ತದೆ.

ಮನೆಯಲ್ಲಿ ಯಾವುದಾದರೊಂದು ವಸ್ತುವು ಕಾಣೆಯಾಗಿ, ಎದುರಿಗೆ ಇಬ್ಬರು ಮಕ್ಕಳು, ಇಲ್ಲವೆ ಮಗನೂ ಮನೆಯ ಆಳೂ ನಿಂತಿರುವ ಸಂದರ್ಭವು ಯಾವ ಗೃಹಸ್ಥನಿಗೆ ಬಂದಿಲ್ಲ? ಆಗ "ಯಾರು ತೆಗೆದಿರಿ?" ಎಂದು ಕೇಳಬಾರದು, "ಅವನೇ ಇರಬಹುದೋ?" ಎಂದು ಎಂದಿಗೂ ಕೇಳಬಾರದು. "ಕಡೆಯ ಸಲ ಅದನ್ನು ಎಲ್ಲಿ ಕಂಡೆ?" ಎಂದು ಒಬ್ಬೊಬ್ಬರನ್ನೂ ಅವರವರ ವಿಷಯವಾಗಿ ಕೇಳಬೇಕು, ಆ ಪ್ರಶ್ನೆಯನ್ನು ತಮಗೆ ತಾವೂ ಹಾಕಿಕೊಳ್ಳಬೇಕು. ಆ ದಿನ ನಾವು ಅದನ್ನು ಕೇಳಿಕೊಂಡಿದ್ದರೆ ಶಬ್ದಮಂಜರಿಯನ್ನು ಅಲ್ಲಿಯೇ ತೆರೆಯುತ್ತಿದ್ದೆವು.

ಆ ಹುಡುಗನನ್ನು ನಾವು ಮತ್ತೆ ಕಂಡೆವು. ನಿವೃತ್ತರಾಗುವುದಕ್ಕೆ ಸ್ವಲ್ಪ ಮೊದಲು, ಔರಾದದ ಅಮರೇಶ್ವರ ದೇವಸ್ಥಾನದ ಮುಂದೆ ಒಬ್ಬನು ಬಂದು ನಮ್ಮ ಕಾಲುಮುಟ್ಟಿ ನಮಸ್ಕರಿಸಿದನು. ಸಂಗಡ ಹೆಂಡತಿ ಮಕ್ಕಳಿದ್ದರು. ಗುರುತು ಹತ್ತಿದೊಡನೆ ನಮ್ಮ ಕಂಠವು ಬಿಗಿಯಿತು. ಹಣವು ನಮ್ಮ ಪುಸ್ತಕದಲ್ಲಿಯೇ ದೊರೆತ ಸಂಗತಿಯನ್ನು ಅವನ ಮಕ್ಕಳ ಮುಂದೆಯೇ ಹೇಳಿ, ತಪ್ಪಾಯಿತೆಂದೆವು. ಹೊಡೆದುದು ಎಲ್ಲರ ಮುಂದೆ. ಒಪ್ಪಿಕೊಳ್ಳುವುದೂ ಹಾಗೆಯೇ ಆಗಬೇಕಲ್ಲವೆ? ಅವನು ಕೆಲಹೊತ್ತು ಸುಮ್ಮನಿದ್ದು, ಮೆಲ್ಲನೆ ಹೇಳಿದನು:

"ನಾ ಅವತ್ತೇ ಹೇಳಿದ್ನಲ್ರೀ ಸರ್. ನೀವು ಕೇಳಲಿಲ್ರಿ."

ಕನ್ನಡದಲ್ಲಿ ಪ್ರಶ್ನಿಸುವುದಕ್ಕೂ ಕಿವಿಗೊಡುವುದಕ್ಕೂ ಒಂದೇ ಮಾತು: ಕೇಳುವುದು. ಆ ದಿನ ನಾವು ಎರಡನ್ನೂ ಮಾಡಿರಲಿಲ್ಲ. ಶರ್ಜಾ ದರ್ವಾಜೆಯ ಮುಂದೆ ಈ ಸಂಗತಿಯನ್ನೆಲ್ಲ ಮೊಮ್ಮಗಳಿಗೆ ಹೇಳಿದೆವು. ಅವಳು ನಮ್ಮ ಕೈಹಿಡಿದುಕೊಂಡು ಎಲ್ಲವನ್ನೂ ಕೇಳಿದಳು.