ಮೋಡ್‌ಲೈನೆಂಬ ಸಾಲಿನ ಪೂರ್ವಕಥೆ

ವರ್ಷಗಳ ಹಿಂದೆ ಕೊಂಡು, ಭಾರವಾದ ತಂತ್ರಾಂಶಗಳನ್ನು ಹೊರಲಾರದೆ ಮೂಲೆ ಸೇರಿದ್ದ ಲ್ಯಾಪ್‌ಟಾಪೊಂದಕ್ಕೆ ಲುಬುಂಟು ಎಂಬ ಹಗುರ ಲಿನಕ್ಸನ್ನು ಹಾಕಿ ಮರುಜೀವ ಕೊಟ್ಟ ಸಂಜೆ, ನನ್ನ ಸಂತೋಷಕ್ಕೆ ಮೊದಲು ಕುಂದು ತಂದುದು ಕನ್ನಡದ ‘ಠ’ ಅಕ್ಷರ. ದುಂಡಗಿರಬೇಕಾದ ಅದು ಅಡ್ಡಲಾಗಿ ಹಿಗ್ಗಿ ಮೊಟ್ಟೆಯಾಕಾರ ತಳೆದಿತ್ತು. ‘ರಾಷ್ಟ್ರ’ವೆಂಬ ಪದದಲ್ಲಿ ಷಕಾರದಡಿಯ ಒತ್ತಕ್ಷರಗಳು ಒಂದರೊಳಗೊಂದು ಕರಗಿ ಮಸಿಯ ಕಲೆಯಂತೆ ತೋರುತ್ತಿದ್ದುವು. ಅಗಲಕ್ಕೆ 1366, ಎತ್ತರಕ್ಕೆ 768 ಚುಕ್ಕೆಗಳುಳ್ಳ ಪರದೆಗೆ 1024ಕ್ಕೆ 768ರ ಚಿತ್ರ ಬರುತ್ತಿತ್ತಾಗಿ, ಮೂರು ಚುಕ್ಕೆಗಳಿಗೆ ಸಲ್ಲತಕ್ಕ ರೂಪವನ್ನು ನಾಲ್ಕಕ್ಕೆ ಹಂಚಿ ಹಾಕಬೇಕಾಗಿ ಬಂದುದರ ಫಲವದು.

ಹಗುರ ಲಿನಕ್ಸನ್ನು ಹಳೆಯ ಯಂತ್ರಕ್ಕೆ ಹಾಕಿದವರಲ್ಲಿ ಈ ತೊಂದರೆಯನ್ನು ಕಂಡವರು ಹಲವರು; ಅವರು ಹೇಳುವ ಮದ್ದು ಸಂಖ್ಯೆಗಳ ಒಂದು ಸಾಲು. ಟರ್ಮಿನಲ್ಲಿನಲ್ಲಿ ‘ಸಿವಿಟಿ 1366 768’ ಎಂದು ಕೇಳಿದರೆ, 85.25, 1368, 1440, 1576, 1784, 768, 771, 781, 798 ಎಂಬ ಉತ್ತರ ಬರುತ್ತದೆ. ಇದೇ ಮೋಡ್‌ಲೈನ್. ಮೊದಲನೆಯದು ಸೆಕೆಂಡಿಗೆ ಎಂಟೂವರೆ ಕೋಟಿಗೂ ಮಿಕ್ಕಿ ಚುಕ್ಕೆಗಳನ್ನು ಕಳುಹಿಸುವ ವೇಗ. ಕಾಣುವ ಚುಕ್ಕೆಗಳು 1368ಕ್ಕೇ ಮುಗಿಯುವಾಗ, ಲೆಕ್ಕವು 1784ರವರೆಗೆ ಹೋಗುವುದೇಕೆ? ಹಳೆಯ ಗಾಜಿನ ಕೊಳವೆಯ ಪರದೆಯಲ್ಲಿ ಎಲೆಕ್ಟ್ರಾನ್ ಕಿರಣವು ಒಂದು ಸಾಲನ್ನು ಬರೆದು ಬಲತುದಿ ಮುಟ್ಟಿದ ಮೇಲೆ ಎಡಕ್ಕೆ ಮರಳಲು ಹೊತ್ತು ಬೇಕಿತ್ತು. ಆ ಕತ್ತಲೆಯ ಬಿಡುವೇ ಉಳಿದ 416 ಚುಕ್ಕೆಗಳು. ಕೆಳತುದಿಯಿಂದ ಮೇಲಕ್ಕೇರಲು ಬೇಕಾದ ಬಿಡುವು 30 ಸಾಲುಗಳಷ್ಟು. ಕಿರಣವೇ ಇಲ್ಲದ ಇಂದಿನ ಚಪ್ಪಟೆ ಪರದೆಗೂ ಈ ಬಿಡುವು ಉಳಿದುಬಂದಿದೆ; ಎಚ್‌ಡಿಎಂಐ ತಂತಿಯಲ್ಲಿ ಧ್ವನಿಯು ಹರಿಯುವುದೂ ಈ ಬಿಡುವಿನಲ್ಲಿಯೇ ಎಂಬುದು ನನಗೆ ಬಹಳ ಸೊಗಸಾಗಿ ತೋರುತ್ತದೆ.

ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ, ಪರದೆಯ ಮೇಲೆ ಕಿಟಕಿಗಳನ್ನೂ ಚಿತ್ರಗಳನ್ನೂ ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆಯ ಹನ್ನೊಂದನೆಯ ಆವೃತ್ತಿ ಹೊರಬಂದುದು 1987ರಲ್ಲಿ. ಪರದೆಗೆ ಚಿತ್ರ ಕಳುಹಿಸುವ ವಿಜಿಎ ಪದ್ಧತಿಯನ್ನು ಐಬಿಎಂ ಕಂಪನಿ ತಂದುದೂ ಅದೇ ವರ್ಷ. 1992ರಲ್ಲಿ ಆರಂಭವಾದ ಎಕ್ಸ್‌ಫ್ರೀ86 ಎಕ್ಸ್ ವ್ಯವಸ್ಥೆಯನ್ನು ಸಾಮಾನ್ಯರ ಪೀಸಿಗೆ ಇಳಿಸಿದಾಗ, ಮಾನಿಟರಿನ ಕೈಪಿಡಿ ನೋಡಿ ಮೋಡ್‌ಲೈನನ್ನು ಬರೆಯುವ ಹೊಣೆ ಬಳಕೆದಾರನ ಮೇಲೆಯೇ ಬಿತ್ತು. ಸಂಖ್ಯೆ ತಪ್ಪಿದರೆ ಮಾನಿಟರಿಗೆ ಹಾನಿಯಾದೀತೆಂಬ ಎಚ್ಚರಿಕೆಯೂ ಆಗಿನ ಕೈಪಿಡಿಗಳಲ್ಲಿ ಉಂಟು.

ಈ ಭಯವನ್ನು ಕಳೆದುದು 1994ರಲ್ಲಿ ವೆಸಾ ಸಂಸ್ಥೆ ರೂಪಿಸಿದ ಇಡಿಐಡಿ. ಅದು ಪರದೆಯು ತಾನೇ ಹೇಳಿಕೊಳ್ಳುವ ಪರಿಚಯವಾಕ್ಯ; ಅದರ ಮೂಲ ಭಾಗದಲ್ಲಿರುವುದು 128 ಬೈಟುಗಳು ಮಾತ್ರ. ಕೊನೆಯ ಬೈಟನ್ನು ಸೇರಿಸಿ ಕೂಡಿದ ಮೊತ್ತವು 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು; ಆಗದಿದ್ದರೆ ಪರಿಚಯ ಕೆಟ್ಟಿದೆಯೆಂದೇ ಅರ್ಥ. ಅದರ ಸಂಕ್ಷಿಪ್ತ ಪಟ್ಟಿಯಲ್ಲಿ ಅಗಲವನ್ನು ಎಂಟರ ಗುಣಕಗಳಲ್ಲಿ ಮಾತ್ರ ಹೇಳಲು ಸಾಧ್ಯವಾದುದರಿಂದ, ಎಂಟರಿಂದ ಭಾಗವಾಗದ 1366ಕ್ಕೆ ಅಲ್ಲಿ ಎಡೆಯಿಲ್ಲ. ಅದನ್ನು ವಿಸ್ತಾರದ ವಿವರಣೆಯಲ್ಲಿಯೇ ಬರೆಯಬೇಕು. ಸಿವಿಟಿಯು 1366ನ್ನು ಕೇಳಿದವರಿಗೆ 1368ನ್ನು ಕೊಡುವುದೂ ಎಂಟರ ಇಂಥದೇ ನಿಯಮದಿಂದ.

ಅಗಲ ಪರದೆಯ ಲ್ಯಾಪ್‌ಟಾಪುಗಳು ಬಂದ ಕಾಲದಲ್ಲಿ, ಎಷ್ಟೋ ಇಂಟೆಲ್ ಯಂತ್ರಗಳ ವಿಡಿಯೋ ಬಯಾಸಿನ ಪಟ್ಟಿಯಲ್ಲಿ ಅಗಲ ಅಳತೆಗಳೇ ಇರಲಿಲ್ಲ. ‘915ರೆಸಲ್ಯೂಶನ್’ ಎಂಬ ಪುಟ್ಟ ತಂತ್ರಾಂಶವು ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಸ್ಮೃತಿಯಲ್ಲಿನ ಆ ಪಟ್ಟಿಯನ್ನು ತಿದ್ದಿ ಕೆಲಸ ಸಾಗಿಸುತ್ತಿತ್ತು. ಜಿಮ್ ಗೆಟಿಸ್ ಮತ್ತು ಕೀತ್ ಪ್ಯಾಕರ್ಡರು ಎಕ್ಸ್ ವ್ಯವಸ್ಥೆಗೆಂದು ರೂಪಿಸಿದ ರ‍್ಯಾಂಡ್‌ಆರ್ ಪದ್ಧತಿಯ 2007ರ ಆವೃತ್ತಿಯು, ಯಂತ್ರವು ನಡೆಯುತ್ತಿರುವಾಗಲೇ ಹೊಸ ಮೋಡ್‌ಲೈನನ್ನು ಸೇರಿಸುವ ಅನುಕೂಲವನ್ನು ತಂದಿತು. 2009ರಲ್ಲಿ ಲಿನಕ್ಸ್ 2.6.29 ಪರದೆಯ ಅಳತೆಯನ್ನು ನಿರ್ಧರಿಸುವ ಅಧಿಕಾರವನ್ನು ಕರ್ನೆಲ್ಲಿಗೇ ವಹಿಸಿತು.

ನನ್ನ ಯಂತ್ರದಲ್ಲಿ ತೊಡಕು ಇದ್ದುದು ಈ ಕೊನೆಯ ಮೆಟ್ಟಿಲಿನಲ್ಲಿಯೇ. ಹೊಸ ಮೋಡ್‌ಲೈನನ್ನು ಸೇರಿಸಹೋದಾಗಲೆಲ್ಲ ‘ಗ್ಯಾಮಾದ ಗಾತ್ರ ತಿಳಿಯಲಿಲ್ಲ’ ಎಂಬರ್ಥದ ದೂರು ಬರುತ್ತಿತ್ತು. ಪರದೆಯ ಹೆಸರು ‘ಡಿಫಾಲ್ಟ್’ ಎಂದಷ್ಟೇ ಇತ್ತು. ನಿಜವಾದ ಡ್ರೈವರ್ ಎಚ್ಚೆತ್ತಿಲ್ಲವೆಂಬುದರ ಕುರುಹು ಇದು. ಸ್ಥಾಪಿಸುವಾಗ ಪರದೆ ಕಪ್ಪಾಗದಿರಲೆಂದು ನಾನೇ ಸೇರಿಸಿದ್ದ ‘ನೋಮೋಡ್‌ಸೆಟ್’ ಎಂಬ ಪದವು, ಯಂತ್ರವನ್ನು ಚಾಲೂ ಮಾಡುವ ಗ್ರಬ್ ತಂತ್ರಾಂಶದ ಕಡತದಲ್ಲಿ ಉಳಿದು, ಕರ್ನೆಲ್ಲಿನ ಆ ಅಧಿಕಾರವನ್ನು ತಡೆದಿತ್ತು. ಅದನ್ನು ಅಳಿಸಿ, ‘ಅಪ್‌ಡೇಟ್-ಗ್ರಬ್’ ನಡೆಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಒಂದು ಸಂಖ್ಯೆಯನ್ನೂ ಬರೆಯದೆ 1366ಕ್ಕೆ 768 ತಾನಾಗಿ ಬಂದಿತು, ‘ಠ’ ದುಂಡಗಾಯಿತು.

ಆದುದರಿಂದ ಇದೇ ತೊಂದರೆಯಲ್ಲಿರುವ ಓದುಗರು ಮೋಡ್‌ಲೈನಿಗೆ ಕೈಹಾಕುವ ಮುನ್ನ ಗ್ರಬ್ ಕಡತವನ್ನೊಮ್ಮೆ ತೆರೆದು, ‘ನೋಮೋಡ್‌ಸೆಟ್’ ಪದವಿದೆಯೇ ಎಂದು ನೋಡಲಿ.